ನಮ್ಮ ಓಣಿಯ ಗಂಜ್‌ನಿಂದ ಆರಂಭಿಸಿ ವಿಜಯಪುರದ ನೀರಿನ ದಾರಿಯನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಗಂಜ್ ಓಣಿಯ ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದ ಕೋಟೆಯೊಳಗಿನ ಹಳೆಯ ಓಣಿಯೊಂದರಲ್ಲಿ ಇದ್ದೇವೆ. ನಮ್ಮ ಹಿತ್ತಲ ಗೋಡೆಯ ಆಚೆಗೆ ಕಲ್ಲು ಗಾರೆಯಿಂದ ಕಟ್ಟಿದ ಚೌಕದ ಗೋಪುರವೊಂದು ನಿಂತಿದೆ. ಹಿರಿಯರು ಅದನ್ನು ಗಂಜ್ ಎಂದು ಕರೆಯುತ್ತಾರೆ. ಅದರ ನೆತ್ತಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ, ಬುಡದಲ್ಲಿ ಓಣಿಯ ಕಸ ಬೀಳುತ್ತದೆ. ಈಚೆಗೆ ನಳಕ್ಕೆ ನೀರು ಬಿಡುವ ದಿನ, ಕೊಡ ಬ್ಯಾರಲ್‌ಗಳನ್ನೆಲ್ಲ ತುಂಬಿಸಿಡುವ ಗಡಿಬಿಡಿಯಲ್ಲಿದ್ದಾಗ, ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳು ಆ ಗೋಪುರದಲ್ಲಿ ಮೊದಲು ಯಾರು ಇರುತ್ತಿದ್ದರು ಎಂದು ಕೇಳಿದಳು. ಅಲ್ಲಿ ಮನುಷ್ಯರಲ್ಲ, ನೀರು ಇರುತ್ತಿತ್ತು ಎಂದೆ. ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಹಿತ್ತಲಿನ ತನಕ ನೀರು ತಾನಾಗಿ ಬರುತ್ತಿದ್ದರೆ ಈಗ ನಾವು ನಳದ ದಿನವನ್ನು ಎಣಿಸುತ್ತ ಕೂರುವುದೇಕೆ ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್, ಮಲಿಕ್-ಎ-ಮೈದಾನ್ ತೋಪು ಇವೆಲ್ಲವನ್ನೂ ಓಣಿಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿದ್ದಾರೆ. ಆದರೆ ಆ ದೊಡ್ಡ ಕಟ್ಟಡಗಳ ನಡುವೆ ಬದುಕಿದ ಸಾಮಾನ್ಯ ಜನ ಏನು ಕುಡಿದರು, ಎಲ್ಲಿಂದ ಹೊತ್ತು ತಂದರು ಎಂಬುದನ್ನು ಯಾರೂ ಅವರಿಗೆ ತೋರಿಸಿಲ್ಲ. ಈ ಬೇಸಿಗೆಯ ಭಾನುವಾರಗಳಂದು ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ನಗರದ ನೀರಿನ ಜಾಡನ್ನು ನಡೆದೇ ನೋಡಬೇಕೆಂದಿದ್ದೇನೆ. ಎಲ್ಲಿಂದ ಹೊರಡಬೇಕು, ಯಾವುದನ್ನು ನೋಡಿ ಏನನ್ನು ತಿಳಿಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಇನ್ನೊಂದು ಮಾತು: ಓಣಿ ಅಗಲವಾಗಲಿ ಎಂದು ಈ ಗಂಜನ್ನೇ ಕೆಡವಿಸುವ ಮಾತು ನೆರೆಹೊರೆಯಲ್ಲಿ ಕೇಳಿಬರುತ್ತಿದೆ. ಅದನ್ನು ತಡೆಯುವ ದಾರಿ ಇದೆಯೇ?

ನಿವೃತ್ತ ಇತಿಹಾಸ ಶಿಕ್ಷಕ

ತಾಯಿ, ನಿಮ್ಮ ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು. ಅಷ್ಟೂ ವರ್ಷ ಸುಲ್ತಾನರ ಹೆಸರು ಮತ್ತು ಇಸವಿಗಳನ್ನೇ ಬಾಯಿಪಾಠ ಮಾಡಿಸಿದೆ, ಒಮ್ಮೆಯೂ ಮಕ್ಕಳನ್ನು ಬಾವಡಿಯ, ಅಂದರೆ ಮೆಟ್ಟಿಲಿಳಿದು ನೀರು ತರುವ ದೊಡ್ಡ ಬಾವಿಯ, ದಂಡೆಗೆ ಕರೆದೊಯ್ಯಲಿಲ್ಲ ಎಂಬ ನೋವು ನನಗಿದೆ.

ಕಥೆಯನ್ನು 1565ರಿಂದ ಹಿಡಿಯಿರಿ. ಆ ವರ್ಷ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತಿತು. ಗೆದ್ದ ಪಕ್ಷದಲ್ಲಿದ್ದ ಒಂದನೆಯ ಅಲಿ ಆದಿಲ್‌ಶಾಹನು ಅದೇ ಕಾಲದಲ್ಲಿ ಸುತ್ತಳತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಇರುವ ಕೋಟೆಗೋಡೆಯನ್ನು ಪೂರ್ಣಗೊಳಿಸಿದನು. ಯುದ್ಧದ ಬಳಿಕ ನೆಲೆ ತಪ್ಪಿದ ಬಹಳಷ್ಟು ಜನ ಈ ಗೋಡೆಯೊಳಗೆ ಬಂದು ಸೇರಿಕೊಂಡರು, ಹೊಸ ಪೇಠೆಗಳು ಹುಟ್ಟಿದವು. ಗೋಡೆ ಕಟ್ಟಿ ಜನರನ್ನು ಒಳಗಿಟ್ಟುಕೊಂಡ ಮೇಲೆ ಅವರಿಗೆ ನೀರು ಕೊಡಲೇಬೇಕಲ್ಲವೇ? ಹತ್ತಿರದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ನಡುವೆ ಇರುವ ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ನಮ್ಮವರು ಹಾಡಿ ಹೊಗಳುತ್ತಾರಾದರೂ ಅದರ ನೀರು ಸವಳು. 1579ರಲ್ಲಿ ಅದೇ ಅಲಿ ಆದಿಲ್‌ಶಾಹನು ತನ್ನ ರಾಣಿ ಚಾಂದಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದ್ದು ಈ ಒತ್ತಡದಿಂದ. ಎರಡು ಕೋಟಿ ಲೀಟರ್ ಹಿಡಿಯುವ ಆ ಬಾವಡಿ ನಂತರದ ಹಲವಕ್ಕೆ ಮಾದರಿಯಾಯಿತು.

ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ದೂರದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತರುವ ಏರ್ಪಾಟು ಕೂಡ ಅವನ ಕಾಲದ್ದೇ. ಅವನ ನಂತರ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ಅದನ್ನು ಬೆಳೆಸಿದನು. ಸಂಗೀತಪ್ರೇಮಿಯಾದ ಈ ಇಬ್ರಾಹಿಂ ಅದೇ ತೊರವಿಯ ಬಳಿ ನೌರಸಪುರವೆಂಬ ಹೊಸ ನಗರವನ್ನೇ ಆರಂಭಿಸಿದನು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಅಲ್ಲಿ ಇಂದಿಗೂ ನಿಂತಿರುವ ಸಂಗೀತ ಮಹಲಿನ ಮುಂದೆ ಮಕ್ಕಳನ್ನು ಕೂರಿಸಿ ಈ ಮಾತು ಹೇಳಿ: ರಾಜಧಾನಿಗೆ ನೀರು ಎಲ್ಲಿಂದ ಹೊರಡುತ್ತಿತ್ತೋ ಅಲ್ಲಿಯೇ ಅರಸನು ತನ್ನ ಕನಸಿನ ಊರನ್ನೂ ಕಟ್ಟಲು ಹೊರಟಿದ್ದನು.

ಆದ್ದರಿಂದ ನನ್ನ ಸಲಹೆ ಇಷ್ಟು. ತೊರವಿಯಿಂದ ಹೊರಟು, ದಾರಿಯಲ್ಲಿ ಸುರಂಗ ಬಾವಡಿಯನ್ನು ನೋಡಿ, ಮೆಕ್ಕಾ ದರವಾಜೆಯ ಮೂಲಕ ಒಳಬಂದು ತಾಜ್ ಬಾವಡಿಯಲ್ಲಿ ಮೊದಲ ದಿನವನ್ನು ಮುಗಿಸಿ. ಎರಡು ಎಂಟುಮೂಲೆಯ ಗೋಪುರಗಳ ನಡುವೆ ಮೂವತ್ತೈದು ಅಡಿ ಅಗಲದ ಕಮಾನು, ಅದರ ಕೆಳಗೆ ಇಳಿಯುವ ಮೆಟ್ಟಿಲು. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರನ್ನು ಹೊತ್ತ ಆ ಬಾವಡಿಯ ಮುಂದೆ ನಿಂತಾಗ, ಒಂದು ಕಾಲಕ್ಕೆ ನೀರಿನ ಬಾಗಿಲನ್ನೂ ಅರಮನೆಯ ಬಾಗಿಲಿನಷ್ಟೇ ಗೌರವದಿಂದ ಕಟ್ಟುತ್ತಿದ್ದರು ಎಂಬುದು ಯಾರೂ ವಿವರಿಸದೆಯೇ ಮಕ್ಕಳಿಗೆ ತಿಳಿಯುತ್ತದೆ.

ಜೋರಾಪುರ ಪೇಠದ ಇಂಜಿನಿಯರ್

ಗುರುಗಳ ಮಾತಿಗೆ ಗೌರವ ಸಲ್ಲಿಸಿಯೇ ಒಂದು ಭಿನ್ನಾಭಿಪ್ರಾಯವನ್ನು ತಿಳಿಸುತ್ತೇನೆ. ಮಕ್ಕಳ ಪ್ರಶ್ನೆ ಗಂಜ್‌ನಿಂದ ಹುಟ್ಟಿದೆ. ನಡಿಗೆಯೂ ಅಲ್ಲಿಂದಲೇ ಹೊರಡಲಿ. ಅಲ್ಲದೆ ತೊರವಿಯ ಸುರಂಗ ಮತ್ತು ಗಂಜ್ ಎರಡೂ ಒಂದೇ ವಿದ್ಯೆಯಲ್ಲ. ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮಕ್ಕಳಿಗೆ ಗೊಂದಲವಾಗುತ್ತದೆ.

ತೊರವಿಯದು ಕರೇಜ್ ಪದ್ಧತಿ. ಬೀದರಿನ ನೌಬಾದಿನಲ್ಲಿಯೂ ಇಂಥದ್ದಿದೆ. ಎತ್ತರದ ನೆಲದ ಅಂತರ್ಜಲವನ್ನು ಹಿಡಿದು, ಅತಿ ಕಡಿಮೆ ಇಳಿಜಾರು ಕೊಟ್ಟು, ನೆಲದೊಳಗೆ ಕೊರೆದ ಕಾಲುವೆಯಲ್ಲಿ ಅದು ತನ್ನಷ್ಟಕ್ಕೆ ಹರಿಯುವಂತೆ ಮಾಡುವುದು ಅದರ ಗುಟ್ಟು. ಕಾಲುವೆ ತುಂಬಿ ಹರಿಯುವುದಿಲ್ಲ, ನೀರಿನ ಮೇಲೆ ಗಾಳಿ ಇರುತ್ತದೆ. ಅಲ್ಲಲ್ಲಿ ಮೇಲಿನಿಂದ ತೋಡಿದ ಬಾವಿಯಂಥ ಕಂಡಿಗಳು ಕೊರೆಯುವಾಗ ಮಣ್ಣು ಎತ್ತುವುದಕ್ಕೂ ಆಮೇಲೆ ಹೂಳು ತೆಗೆಯುವುದಕ್ಕೂ ಬೇಕು. ನಮ್ಮ ಬಿಸಿಲಿನಲ್ಲಿ ತೆರೆದ ಕಾಲುವೆಯಾಗಿದ್ದರೆ ಎಷ್ಟು ನೀರು ಆವಿಯಾಗಿ ಹೋಗುತ್ತಿತ್ತು ಎಂಬುದನ್ನು ಯೋಚಿಸಿದರೆ ನೆಲದಡಿ ಇಳಿದ ಶ್ರಮಕ್ಕೆ ಕಾರಣ ತಿಳಿಯುತ್ತದೆ.

ಗಂಜ್ ಸೇರಿದ್ದು ಇನ್ನೊಂದು ಜಾಲಕ್ಕೆ. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, ಅಂದರೆ ಗೋಳಗುಮ್ಮಟದ ಕೆಲಸ ನಡೆಯುತ್ತಿದ್ದ ದಿನಗಳಲ್ಲಿಯೇ, ನಗರದ ದಕ್ಷಿಣಕ್ಕೆ 234 ಎಕರೆಯ ಬೇಗಂ ತಲಾಬ್ ಸಿದ್ಧವಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಹದಿನೈದರಿಂದ ಐವತ್ತು ಅಡಿ ಆಳದಲ್ಲಿ ಹೂತು, ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಯ ಕವಚ ಕಟ್ಟಿ ನಗರಕ್ಕೆ ನೀರು ತಂದರು. ಕೊಳವೆಯೊಳಗೆ ನೀರು ತುಂಬಿ ಹರಿಯುವಾಗ ಒತ್ತಡ ಹುಟ್ಟುತ್ತದೆ, ಸುಟ್ಟ ಮಣ್ಣು ಅದನ್ನು ಬಹಳ ತಾಳಲಾರದು. ಆದ್ದರಿಂದ ದಾರಿಯುದ್ದಕ್ಕೂ ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಗಂಜ್‌ಗಳನ್ನು ನಿಲ್ಲಿಸಿದರು. ಕೊಳವೆಯ ನೀರು ಗಂಜ್‌ನೊಳಗೆ ತನ್ನ ಮಟ್ಟದವರೆಗೆ ಏರುತ್ತದೆ, ಅಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡವನ್ನು ಕಳೆದುಕೊಳ್ಳುತ್ತದೆ, ಕೆಸರು ಬುಡದಲ್ಲಿ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತದೆ.

ಇದರಲ್ಲಿ ಮಕ್ಕಳಿಗೆ ಒಂದು ಸೊಗಸಾದ ಲೆಕ್ಕವಿದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಒಂದು ಕಿಲೋಗ್ರಾಂ ಭಾರ ಹಾಕುತ್ತದೆ. ಇಪ್ಪತ್ತೈದು ಅಡಿಯೆಂದರೆ ಏಳೂವರೆ ಮೀಟರ್, ನಲವತ್ತು ಅಡಿಯೆಂದರೆ ಹನ್ನೆರಡು ಮೀಟರ್. ಹಾಗಾಗಿ ಗಂಜ್‌ನ ಎತ್ತರವನ್ನು ಅಳೆದರೆ, ಆ ಜಾಗದಲ್ಲಿ ನೆಲಮಟ್ಟದ ಕೊಳವೆ ಹೆಚ್ಚೆಂದರೆ ಎಷ್ಟು ಒತ್ತಡವನ್ನು ಕಾಣುತ್ತಿತ್ತು ಎಂಬುದು ಸರಿಸುಮಾರಾಗಿ ಸಿಕ್ಕಂತೆ. ಹತ್ತುವ ಅಗತ್ಯವೇ ಇಲ್ಲ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ, ಅದೇ ಹೊತ್ತಿನಲ್ಲಿ ಗಂಜ್‌ನ ನೆರಳನ್ನೂ ಅಳೆದರೆ ಎತ್ತರ ತಿಳಿಯುತ್ತದೆ.

ಇನ್ನು ನಿಮ್ಮ ಮಗಳ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅಂದು ನೀರು ಮೇಲಿನಿಂದ ಕೆಳಗೆ ಬರುತ್ತಿತ್ತು, ಇಂದು ಕೆಳಗಿನಿಂದ ಮೇಲೆ ಬರಬೇಕಾಗಿದೆ. ನಮ್ಮ ಕುಡಿಯುವ ನೀರು ಕೊಲ್ಹಾರದ ಬಳಿ, ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬರುತ್ತದೆ. ಆ ಜಲಾಶಯದ ಪೂರ್ಣಮಟ್ಟ 519.60 ಮೀಟರ್, ನಮ್ಮ ನಗರ ಸುಮಾರು 590 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಂತೆ ಅಂತರ ಇನ್ನೂ ಹೆಚ್ಚುತ್ತದೆ. ಎಪ್ಪತ್ತು ಮೀಟರ್‌ಗೂ ಮೀರಿ ಎತ್ತಿ, ನಲವತ್ತು ಕಿಲೋಮೀಟರ್‌ನಷ್ಟು ದೂರ ತಳ್ಳಿ ತರುವ ನೀರಿನ ಹಿಂದೆ ಪಂಪು, ವಿದ್ಯುತ್ತು, ಕೊಳವೆ, ಟಾಕಿ, ವಾಲ್ವ್ ತಿರುಗಿಸುವ ಮನುಷ್ಯ ಇಷ್ಟೂ ಇರುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ನಳ ಬರುವ ದಿನ ಮುಂದಕ್ಕೆ ಹೋಗುತ್ತದೆ.

ಆದರೆ ಹಿಂದಿನವರ ವ್ಯವಸ್ಥೆಯಲ್ಲಿ ಕೊರತೆಯೇ ಇರಲಿಲ್ಲ ಎಂದು ಮಕ್ಕಳಿಗೆ ಹೇಳಬೇಡಿ. ಅವರ ಕೆರೆ, ಸುರಂಗ, ಬಾವಡಿಗಳೆಲ್ಲ ಸ್ಥಳೀಯ ಮಳೆಯನ್ನೇ ನಂಬಿದ್ದವು. ವರ್ಷಕ್ಕೆ ಆರು ನೂರು ಮಿಲಿಮೀಟರ್ ಕೂಡ ಸರಿಯಾಗಿ ಬೀಳದ ಸೀಮೆಯಿದು. ಮಳೆ ತಪ್ಪಿದ ವರ್ಷ ಅವರಿಗೂ ಕಷ್ಟವಾಗಿರಲೇಬೇಕು. ಕೃಷ್ಣೆಯ ನೀರು ಬಂದದ್ದರಿಂದ ನಮಗೆ ದೊಡ್ಡ ಉಪಕಾರವಾಗಿದೆ. ಆ ನೀರು ಬಂತೆಂದು ಇಲ್ಲಿದ್ದ ಬಾವಡಿಗಳ ಕಡೆ ಬೆನ್ನು ತಿರುಗಿಸಿದ್ದು ಮಾತ್ರ ನಮ್ಮ ತಪ್ಪು.

ಬಾವಡಿ ದಂಡೆಯವಳು

ಅಕ್ಕಾ, ಈ ಇಬ್ಬರು ಸರ್‌ಗಳು ಕಟ್ಟಿದವರ ಕಥೆ ಹೇಳಿದರು. ನಾನು ನೀರು ಸೇದಿದವರ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ನಮ್ಮ ತವರುಮನೆ ಬಾವಡಿಯೊಂದರ ದಂಡೆಯಲ್ಲಿತ್ತು. ನನ್ನ ಅಜ್ಜಿ ನಸುಕಿನಲ್ಲಿ ಎದ್ದು, ತಲೆಗೆ ಸಿಂಬಿ ಇಟ್ಟುಕೊಂಡು, ಮೆಟ್ಟಿಲಿಳಿದು ಎರಡು ಕೊಡ ನೀರು ತರುತ್ತಿದ್ದಳು. ಎಷ್ಟು ಮೆಟ್ಟಿಲು ಇಳಿದೆವು ಎಂಬುದರ ಮೇಲೆ ಬೇಸಿಗೆ ಎಷ್ಟು ಬಲಿತಿದೆ ಎಂದು ಅವಳು ಹೇಳುತ್ತಿದ್ದಳು. ಯುಗಾದಿಗೆ ಇಷ್ಟನೆಯ ಮೆಟ್ಟಿಲು, ಬಸವ ಜಯಂತಿಗೆ ಇಷ್ಟನೆಯ ಮೆಟ್ಟಿಲು ಎಂಬ ಲೆಕ್ಕ ಅವಳ ನಾಲಿಗೆಯ ತುದಿಯಲ್ಲಿತ್ತು. ಮೇಲಿನ ದಂಡೆಯಲ್ಲಿ ಗಡಗಡಿಗೆ ಹಗ್ಗ ಹಾಕಿ ಸೇದುವವರ ಸಾಲು ಬೇರೆ, ಕೆಳಗೆ ಬಟ್ಟೆ ಒಗೆಯುವವರ ಜಾಗ ಬೇರೆ.

ಆ ಸಾಲಿನಲ್ಲಿ ಎಲ್ಲರಿಗೂ ಜಾಗವಿರಲಿಲ್ಲ ಎಂಬುದನ್ನು ಮಕ್ಕಳಿಗೆ ಮರೆಮಾಚಬೇಡಿ. ಕೆಲವು ಓಣಿಗಳ ಹೆಣ್ಣುಮಕ್ಕಳು ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕಲಿ ಎಂದು ಹೊತ್ತು ಏರುವ ತನಕ ಕಾಯುತ್ತಿದ್ದರೆಂದು ಅಜ್ಜಿಯೇ ಹೇಳಿದ್ದಾಳೆ. ಅದನ್ನು ಹೇಳುವಾಗ ಅವಳ ದನಿ ಕುಗ್ಗುತ್ತಿತ್ತು. ನಳ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಹಳೆಯದೆಲ್ಲ ಚೆಂದವಿತ್ತು ಎನ್ನುವ ಮುಂಚೆ ನನಗೆ ಈ ಮಾತು ನೆನಪಾಗುತ್ತದೆ.

ನಳ ಬಂದ ಮೇಲೆ ಬಾವಡಿ ಹಾಳುಬಿದ್ದದ್ದನ್ನು ನಾನೇ ಕಣ್ಣಾರೆ ನೋಡಿದೆ. ಮೊದಲು ಒಂದು ಮನೆಯವರು ಕಸ ಹಾಕಿದರು, ನಂತರ ಎಲ್ಲರೂ ಹಾಕಿದರು. ಗಣೇಶ ಮೂರ್ತಿಗಳನ್ನು ಬಿಡುವ ರೂಢಿ ಬೆಳೆದು ಬಣ್ಣ ಮತ್ತು ಪ್ಲಾಸ್ಟರು ತಳಕ್ಕೆ ಸೇರಿದವು. ನೀರು ಹಸಿರುಗಟ್ಟಿ ನಾತ ಹೊಡೆಯತೊಡಗಿತು. ಕೆಲವು ವರ್ಷಗಳ ಹಿಂದೆ ನಗರದ ಹಲವು ಬಾವಡಿಗಳ ಹೂಳೆತ್ತಿದಾಗ ನಮ್ಮದರಲ್ಲಿಯೂ ಕೆಲಸ ನಡೆಯಿತು. ತಳದ ಕೆಸರು ಹೋದ ಮೇಲೆ ಕಲ್ಲಿನ ಸಂದಿನಿಂದ ಸೆಲೆ ಒಡೆದು, ಒಂದೊಂದೇ ಮೆಟ್ಟಿಲು ಮುಳುಗಿಸುತ್ತ ನೀರು ಮೇಲೇರಿದ್ದನ್ನು ನೋಡಲು ಇಡೀ ಓಣಿ ದಂಡೆಯಲ್ಲಿ ನಿಂತಿತ್ತು. ನಮ್ಮ ತಾಯಿ ಅರಿಸಿನ ಕುಂಕುಮ ಏರಿಸಿ ಕೈಮುಗಿದಳು. ಅಷ್ಟು ವರ್ಷ ನಾವು ಕಸ ತುಂಬಿದರೂ ಆ ಸೆಲೆ ಬತ್ತಿರಲಿಲ್ಲ.

ಮಕ್ಕಳನ್ನು ಕರೆದೊಯ್ಯುವಾಗ ಒಂದು ಎಚ್ಚರಿಕೆ ಇರಲಿ. ಬಾವಡಿಯ ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ, ಆಳ ಒಮ್ಮೆಲೇ ಶುರುವಾಗುತ್ತದೆ. ಇಬ್ಬರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಇರದಿದ್ದರೆ ಮೇಲಿನ ಕಟ್ಟೆಯಿಂದಲೇ ತೋರಿಸಿ. ಬಾಗಿಲಿಗೆ ಬೀಗ ಇದ್ದರೆ ಮರುದಿನಕ್ಕೆ ಮುಂದೂಡಿ, ಗೋಡೆ ಹಾರಿಸಬೇಡಿ. ಮತ್ತು ದಂಡೆಯ ಮನೆಗಳಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಯಾರಾದರೂ ಇದ್ದರೆ ಮಕ್ಕಳಿಂದ ಅವರನ್ನು ಮಾತನಾಡಿಸಿ. ಲಂಗರ್ ಬಾವಡಿ, ನಗರ್ ಬಾವಡಿ, ಮಾಸ್ ಬಾವಡಿ, ಬಸರಿ ಬಾವಡಿ, ಸಂದಲ್ ಬಾವಡಿ ಎಂಬ ಹೆಸರುಗಳು ಹಾಳೆಯ ಮೇಲೆ ಸಿಗುತ್ತವೆ. ಯಾವ ಬಾವಡಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು ಎಂಬುದು ಆ ಅಜ್ಜಿಯರಿಗೆ ಮಾತ್ರ ಗೊತ್ತು.

ಸ್ಟೇಷನ್ ರಸ್ತೆಯ ವಕೀಲ

ಗಂಜ್ ಕೆಡವುವ ಮಾತಿನ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. ಮೊದಲು ತಿಳಿಯಬೇಕಾದದ್ದು ಆ ಗಂಜ್ ಕೇಂದ್ರದ ಅಥವಾ ರಾಜ್ಯದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯೇ ಎಂಬುದನ್ನು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ ವೃತ್ತಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಬರಹದಲ್ಲಿ ಉತ್ತರ ಬರಬೇಕು. ಬಾಯಿಮಾತಿನ ಉತ್ತರವನ್ನು ನಂಬಿ ಕೂರಬೇಡಿ.

ಕೇಂದ್ರದ ಪಟ್ಟಿಯಲ್ಲಿದ್ದರೆ 1958ರ ಪುರಾತನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಮೇರೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕವನ್ನು ಕೆಡವಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಓಣಿಗಳ ಜನ ಸ್ಮಾರಕವೆಂದರೆ ಅಂಜುವುದು ಇದೇ ನೂರು ಮೀಟರಿನ ಕಾರಣಕ್ಕೆ. ತಮ್ಮ ಮನೆಯ ಮಾಳಿಗೆ ಸೋರಿದರೂ ರಿಪೇರಿ ಮಾಡಿಸುವಂತಿಲ್ಲ ಎಂದು ಅವರು ತಿಳಿದಿದ್ದಾರೆ. ಅದು ಸರಿಯಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಆದರೆ ಇರುವ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಕೇಳಬಹುದು. ನಿಮ್ಮ ನೆರೆಯವರಿಗೆ ಈ ಅರ್ಜಿ ತುಂಬಲು ಯಾರಾದರೂ ನೆರವಾದರೆ ಗಂಜ್‌ನ ಮೇಲಿನ ಅವರ ಸಿಟ್ಟು ಅರ್ಧ ಇಳಿಯುತ್ತದೆ ಎಂಬುದು ನನ್ನ ಅನುಭವ.

ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದರೆ ಅದು ನಿಂತ ಜಾಗ ಯಾರದು ಎಂಬುದನ್ನು ನಗರ ಸರ್ವೆ ದಾಖಲೆಯಲ್ಲಿ ನೋಡಿ. ಸಾರ್ವಜನಿಕ ಜಾಗವಾಗಿದ್ದರೆ ಓಣಿಯವರ ಸಹಿಯೊಂದಿಗೆ ಜಿಲ್ಲಾಧಿಕಾರಿಗಳಿಗೂ ಮಹಾನಗರ ಪಾಲಿಕೆಯ ಆಯುಕ್ತರಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಂಜ್‌ನ ನಾಲ್ಕೂ ಮುಖಗಳ ಫೋಟೊಗಳನ್ನು ದಿನಾಂಕ ಸಹಿತ ಈಗಲೇ ತೆಗೆದಿಟ್ಟುಕೊಳ್ಳಿ. ಅರಳಿ ಗಿಡವನ್ನು ಮಾತ್ರ ನೀವಾಗಿ ಕೀಳಬೇಡಿ. ಬೇರಿನ ಜೊತೆ ಕಲ್ಲೂ ಕಿತ್ತು ಬರುತ್ತದೆ.

ಗಂಜ್ ಓಣಿಯ ತಾಯಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಂಜಿನಿಯರ್ ಸಾಹೇಬರ ಮಾತಿನಂತೆ ಮೊದಲ ಭಾನುವಾರ ಎಲ್ಲಿಗೂ ಹೋಗದೆ ಗಂಜ್‌ನ ಬುಡದಲ್ಲಿಯೇ ಕಳೆದೆವು. ಹನ್ನೊಂದು ಮಕ್ಕಳು ಬಂದಿದ್ದರು. ಬೆಳಗಿನ ಒಂಬತ್ತಕ್ಕೆ ಕೋಲಿನ ನೆರಳನ್ನೂ ಗಂಜ್‌ನ ನೆರಳನ್ನೂ ಅಳೆಯಲು ಹೋದಾಗ ನೆರಳಿನ ತುದಿ ಕಸದ ರಾಶಿಯ ಮೇಲೆ ಬಿದ್ದಿತ್ತು. ಟೇಪು ಹಿಡಿಯಲು ಜಾಗ ಇರಲಿಲ್ಲ. ನಾನು ಏನೂ ಹೇಳುವ ಮುಂಚೆಯೇ ಇಬ್ಬರು ಹುಡುಗರು ಮನೆಯಿಂದ ಸಲಿಕೆ, ಬುಟ್ಟಿ ತಂದರು. ಕಸ ಸರಿಸಿ ಅಳೆಯುವಷ್ಟರಲ್ಲಿ ನೆರಳು ಚಿಕ್ಕದಾಗಿತ್ತು, ಕೋಲಿನ ನೆರಳನ್ನು ಮತ್ತೆ ಅಳೆದು ಲೆಕ್ಕ ಹಾಕಿದರು. ಮೂವತ್ತೊಂದು ಅಡಿ ಬಂದಿತು. ನನ್ನ ಮಗಳು ಅದನ್ನು ಒತ್ತಡಕ್ಕೆ ಬದಲಾಯಿಸಿ, ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂಗಿಂತ ಸ್ವಲ್ಪ ಕಡಿಮೆ ಎಂದು ಗೋಡೆಯ ಪಕ್ಕದಲ್ಲಿ ಕೂತು ಬರೆದಳು.

ಕಸ ಹಾಕುತ್ತಿದ್ದ ಮನೆಯವರು ಕಟ್ಟೆಯ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಮಾಳಿಗೆಯ ದುರಸ್ತಿಯ ವಿಷಯವನ್ನು ವಕೀಲರು ಬರೆದಂತೆ ತಿಳಿಸಿದೆ. ಅವರು ಕಾಗದಪತ್ರಗಳೊಂದಿಗೆ ಬರುವುದಾಗಿ ಹೇಳಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಸೋಮವಾರ ಅಂಚೆಗೆ ಹಾಕಿದ್ದೇನೆ. ಬರುವ ಭಾನುವಾರ ತೊರವಿ, ಅದರ ಮುಂದಿನ ವಾರ ತಾಜ್ ಬಾವಡಿ ಎಂದು ಮಕ್ಕಳು ಗೊತ್ತುಮಾಡಿದ್ದಾರೆ. ಗುರುಗಳೇ, ಬಿಸಿಲೇರುವ ಮುಂಚೆ ಹೊರಡಬೇಕಾದ್ದರಿಂದ ಬೆಳಿಗ್ಗೆ ಆರೂವರೆಗೆ ಮೆಕ್ಕಾ ದರವಾಜೆಯ ಬಳಿ ಸೇರುತ್ತೇವೆ. ತಾವೂ ಬಂದರೆ ಸಂಗೀತ ಮಹಲಿನ ಮುಂದೆ ಆ ಮಾತನ್ನು ಮಕ್ಕಳು ತಮ್ಮ ಬಾಯಿಂದಲೇ ಕೇಳುತ್ತಾರೆ. ಒಂಬತ್ತರ ಹೊತ್ತಿಗೆ ಎಲ್ಲರಿಗೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತೇನೆ.